ಸಾಲ್ಯಾಗ ಹುಡುಗ್ರ ಮನಸ್ಸಿನ ಆರೋಗ್ಯ: ಬಿ.ಎಡ್ ದೋಸ್ತ್ರಿಗೆ ನನ್ನ ನೋಟ್ಸ್

ಮೊದ್ಲ ಒಂದ್ ಮಾತ್ ತಲ್ಯಾಗ ಇಟ್ಕೊಳ್ರಿ, ರೋಗಕ್ಕ ಹೆಸರಿಡೂದು ನಮ್ಮ ಕೆಲಸ ಅಲ್ಲ. ಡಿಪ್ರೆಶನ್ನೋ (ಖಿನ್ನತೆ) ಎಡಿಎಚ್‌ಡಿನೋ (ಗಮನ ನಿಲ್ಲದ, ಒಂದ್ ಕಡೆ ಕೂಡಾಕ ಆಗದ ತೊಂದ್ರಿ) ಅದನ್ನ ಡಾಕ್ಟರ್ ಹೇಳ್ತಾರ. ನಾವು ನೋಡಬೇಕಾಗಿದ್ದು ಫರಕ್, ಹೋದ ವರ್ಷ ಈ ಹುಡುಗಿ ಹೆಂಗಿದ್ಲು ಈಗ ಹೆಂಗದಾಳ ಅಂತ, ಯಾಕಂದ್ರ ದಿನಾ ಐದಾರ್ ತಾಸ ಕಣ್ಮುಂದ ಇಟ್ಕೊಂಡ್ ಕೂಡಾವ್ರು ನಾವ. ಬಾಜೂದವರ ಜೋಡಿ ಹೋಲಿಸಬ್ಯಾಡ್ರಿ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಿಮ್ಹಾನ್ಸ್ (ಬೆಂಗಳೂರಿನ ಮಾನಸಿಕ ಆರೋಗ್ಯದ ಸಂಸ್ಥೆ) ಮುಂದಾಳತ್ವದಾಗ ಆತು, ಅದರೊಳಗ 13ರಿಂದ 17 ವಯಸ್ಸಿನವ್ರೊಳಗ ನೂರಕ್ಕ 7.3 ಮಂದಿಗೆ ಏನೋ ಒಂದ್ ಮಾನಸಿಕ ತೊಂದ್ರಿ ಕಂಡಿತ್ತು. ಅಂದ್ರ 60 ಹುಡುಗ್ರ ಕ್ಲಾಸಿಗೆ ಸರಾಸರಿ ನಾಲ್ಕ್ ಮಂದಿ. ಈಗ ಹೇಳ್ರಿ, ನಿಮ್ಮ ಇಂಟರ್ನ್‌ಶಿಪ್ ಕ್ಲಾಸಿನ್ಯಾಗ ಆ ನಾಲ್ಕ್ ಮಂದಿ ಯಾರು?

ಬಹಳ ಮಂದಿ ಉಡಾಳರ ಹೆಸರ ಹೇಳ್ತೀವಿ. ಬಡದಾಡಾವ, ಎದುರ ಮಾತಾಡಾವ, ಅವ ಹೆಂಗೂ ಹೆಡ್‌ಮಾಸ್ತರ್ ಖೋಲಿಗೆ ಹೋಗೇ ಹೋಗ್ತಾನ. ಸಿಗದ ಉಳಿಯೂದು ಸುಮ್ನ ಕುಂಡ್ರೂ ಹುಡುಗಿ, "ಭಾಳ ಶಾಣ್ಯಾ ಅದಾಳ್ರೀ, ಒಂದ್ ಮಾತ್ ಆಡೂದಿಲ್ಲ" ಅಂತ ಅಕ್ಕೋರು ಹೊಗಳ್ತಿರ್ತಾರ ನೋಡ್ರಿ, ಅಕಿ. ಈ ಯುನಿಟ್‌ನ್ಯಾಗ ಒಂದ ಭಾಗ ಓದ್ತೇನಿ ಅನ್ನಾವ್ರು ಇದನ್ನ ಓದ್ರಿ ಅಂತೀನಿ ನಾ.

ಒಳಗಿನ ತ್ರಾಸು ಮೈಯಾಗ ಕಾಣ್ತೈತಿ. ಗಣಿತ ಪೀರಿಯಡ್ ಬಂದ್ರ ಹೊಟ್ಟಿನೋವು, ಸೋಮವಾರ ಬಂದ್ರ ತಲಿನೋವು, ದವಾಖಾನ್ಯಾಗ ತೋರ್ಸಿದ್ರ ಏನೂ ಇಲ್ಲ ಅಂತಾರ, ನಾವು ನಾಟಕ ಅಂತೀವಿ. ನಾಟಕ ಅಲ್ಲದು, ಅಂಜಿಕಿಗೆ ಹೊಟ್ಟಿ ಖರೇನ ನೋಯ್ತೈತಿ. ಬಿಸಿಯೂಟ ಬಿಡೂದು, ಡೆಸ್ಕ್ ಮ್ಯಾಲ ಮಲಗೂದು, ಹಳೇ ಗೆಳತ್ಯಾರ ಜೋಡಿ ಬಿಟ್ಟ ಕುಂಡ್ರೂದು, ಬ್ಯಾಸಗ್ಯಾಗೂ ಪೂರ್ತಿ ತೋಳಿನ ಅಂಗಿ ಹಾಕ್ಕೊಂಡ ಬರೂದು (ಕೈಮ್ಯಾಲ ತಾನ ಮಾಡ್ಕೊಂಡ ಗಾಯ ಮುಚ್ಚಾಕ ಇರಬಹುದು), ಇವನ್ನೆಲ್ಲಾ ಗುರ್ತ ಹಾಕ್ಕೊಳ್ರಿ. ಎಷ್ಟ ದಿನ ಆತು, ಎಷ್ಟ ಜೋರೈತಿ, ಮನ್ಯಾಗೂ ಹಿಂಗ ಏನು ಅಂತ ನೋಡ್ರಿ. ಎರಡ್ ವಾರ ದಾಟಿ ಊಟ, ನಿದ್ದಿ, ಓದಿಗೆ ಅಡ್ಡ ಬರ್ತಿದ್ರ ತಡಾ ಮಾಡಬ್ಯಾಡ್ರಿ. ಸಾಯೂ ಮಾತು ಬಂದ್ರಂತೂ ಎರಡ್ ವಾರದ ಲೆಕ್ಕ ಇಲ್ಲ, ಅವತ್ತ ಹೆಜ್ಜಿ ಇಡಬೇಕು, ಆ ಹುಡುಗ್ರನ್ನ ಒಂಟಿಯಾಗಿ ಬಿಡಬಾರದು. "ಸಾಯಬೇಕು ಅನಸ್ತೈತೇನು" ಅಂತ ನೇರ ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ಹಾಕಿದಂಗ ಅಲ್ಲ, ಕೇಳಬಹುದು.

ಆದ್ರ ನಮ್ಮ ಕಡೆ ಒಂದ್ ತೊಡಕೈತಿ. ವಿಜಯಪುರದ ತಾಂಡಾದ ಹುಡುಗ್ರು ಹಬ್ಬ ಮುಗಿದ ಮ್ಯಾಲ ಅವ್ವ ಅಪ್ಪನ ಜೋಡಿ ಕಬ್ಬ ಕಡಿಯಾಕ ಮಹಾರಾಷ್ಟ್ರಕ್ಕ ಹೋಗ್ತಾವ, ಕೆಲವು ಅಜ್ಜಿ ಕಡೆ ಉಳಿತಾವ. ತಿಂಗಳಗಟ್ಲೆ ಗೈರು ಇದ್ದು ವಾಪಸ್ ಬಂದಾವ ಮಂಕಾಗಿ ಕುಂತ್ರ ಅದನ್ನ ರೋಗ ಅಂತ ಬರಿಬ್ಯಾಡ್ರಿ, ಪಾಠ ತಪ್ಪಿರ್ತೈತಿ, ಮೊದ್ಲ ಅದನ್ನ ತುಂಬಿಕೊಡ್ರಿ. ಅಜ್ಜಿ ಕಡೆ ಉಳಿದಾಕಿಗೆ ಅವ್ವನ ನೆನಪು ಇರ್ತೈತಿ, ವಾರಕ್ಕೊಮ್ಮೆ ಫೋನ್ ಮಾಡಸಿದ್ರೂ ಎಷ್ಟೋ ಹಗರ ಆಕ್ಕಾಳ.

ಓದಾಕ ಬರದಾವಗ ದಡ್ಡ ಅನ್ನೂದೂ ಇಂಥಾದ್ದ. ಕಲಿಕಾ ನ್ಯೂನತೆ ಇರಬಹುದು, ಅಂದ್ರ ಬುದ್ಧಿ ಇದ್ರೂ ಓದೂದು, ಬರಿಯೂದು, ಲೆಕ್ಕ ಮಾಡೂದು ತ್ರಾಸಾಗೂದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧದಾಗ ಅದೂ ಐತಿ, ಮಾನಸಿಕ ಕಾಯಿಲೆನೂ ಐತಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) 2009ರ ಸೆಕ್ಷನ್ 17 ಬಡಿಯೂದಷ್ಟ ಅಲ್ಲ, ಮಾನಸಿಕ ಕಿರುಕುಳಾನೂ ಬ್ಯಾಡ ಅಂತೈತಿ.

ಮಾತಾಡ್ಸೂವಾಗ ವರಾಂಡಾದಾಗ, ನಾಲ್ಕ್ ಮಂದಿಗೆ ಕಾಣೂ ಹಂಗ ಆದ್ರ ಕೇಳದಷ್ಟು ದೂರ ಕುಂಡ್ರಿ. "ಇತ್ತಿತ್ಲಾಗ ಊಟ ಮಾಡೂದಿಲ್ಲಲ್ಲವಾ, ಆರಾಮ ಅದಿಯಿಲ್ಲೋ" ಅಂತ ಕಂಡಿದ್ದನ್ನ ಹೇಳ್ರಿ. ಆಮ್ಯಾಲ ಸುಮ್ನಿರ್ರಿ, ಇದ ಕಷ್ಟ, ನಮಗ ಬುದ್ಧಿ ಹೇಳೂ ಚಟ ಭಾಳ. "ಯಾರಿಗೂ ಹೇಳೂದಿಲ್ಲ" ಅಂತ ಆಣಿ ಮಾಡಬ್ಯಾಡ್ರಿ, ಜೀವಕ್ಕ ಅಪಾಯ ಇದ್ರ ಹೇಳಲೇಬೇಕಾಕ್ಕೈತಿ, ಲೈಂಗಿಕ ದೌರ್ಜನ್ಯ ಇದ್ರ ಪೋಕ್ಸೊ (ಮಕ್ಕಳನ್ನ ಲೈಂಗಿಕ ಅಪರಾಧದಿಂದ ಕಾಪಾಡೂ ಕಾಯ್ದೆ) 2012ರ ಪ್ರಕಾರ ಪೊಲೀಸರಿಗೆ ತಿಳಿಸೂದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಕಳಿಸೂದು ಎಲ್ಲಿಗೆ? ಟೆಲಿ ಮಾನಸ್ (ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416, 2022ರ ಅಕ್ಟೋಬರ್ 10ಕ್ಕ ಶುರುವಾಗೈತಿ, ಹಗಲೂ ರಾತ್ರಿ ಇರ್ತೈತಿ, ಕನ್ನಡದಾಗ ಮಾತಾಡಬಹುದು, ರೊಕ್ಕಿಲ್ಲ. ಸರಕಾರಿ ದವಾಖಾನ್ಯಾಗ ಹರೆಯದವರಿಗೆ ಸ್ನೇಹಾ ಕ್ಲಿನಿಕ್ ಇರ್ತಾವ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಂದಿ ಜಿಲ್ಲಾಸ್ಪತ್ರ್ಯಾಗ ಸಿಗ್ತಾರ, ಅಲ್ಲಿಂದ ಮುಂದಂದ್ರ ಧಾರವಾಡದ ಡಿಮ್ಹಾನ್ಸ್ (ಮಾನಸಿಕ ಆರೋಗ್ಯದ ದೊಡ್ಡ ಸರಕಾರಿ ದವಾಖಾನಿ). ಸಾಯಾಕ ಪ್ರಯತ್ನ ಮಾಡಿದ ಹುಡುಗನ ಮ್ಯಾಲ ಕೇಸ್ ಆಕ್ಕೈತಿ ಅಂತ ಮುಚ್ಚಿಡೂ ಸಾಲಿಗೋಳೂ ಅದಾವ, ಅಂಥಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 115 ತೋರ್ಸ್ರಿ, ಅವ ತೀವ್ರ ಒತ್ತಡದಾಗಿದ್ದ ಅಂತನ ಕಾನೂನು ತಿಳಕೊಳ್ತೈತಿ, ಶಿಕ್ಷೆ ಇಲ್ಲ.

ಮನ್ಯಾಗ ಗಾಳಿ ಸೋಕೇತಿ ಅಂದು ಗುಡಿಗೋ ದರ್ಗಾಕ್ಕೋ ಹೊಂಟಿದ್ರ ಜಗಳಾ ತೆಗಿಬ್ಯಾಡ್ರಿ. "ಹೋಗಿ ಬರ್ರಿ ಕಾಕಾ, ಹಂಗ ಡಾಕ್ಟರಿಗೂ ಒಮ್ಮೆ ತೋರ್ಸ್ರಿ" ಅಂದ್ರ ಕೇಳ್ತಾರ, ಬೈದ್ರ ಡಾಕ್ಟರ್ ಕಡೆ ಹೋಗೂದೂ ತಪ್ತೈತಿ.

ಇನ್ನೊಂದ್ ಬಿಟ್ಟಹೋಗೂದು ಅಂದ್ರ ಡಾಕ್ಟರಿಗೆ ತೋರ್ಸಿದ ಹುಡುಗ ಸಾಲಿಗೆ ವಾಪಸ್ ಬಂದ ಮ್ಯಾಲಿನ ಕೆಲಸ. ಔಷಧ ಶುರುವಾದಾವ ಒಮ್ಮೊಮ್ಮೆ ಮುಂಜಾನೆ ತೂಕಡಸ್ತಾನ, ಬೈಬ್ಯಾಡ್ರಿ, ಮನಿಯವರಿಗೆ ತಿಳಿಸಿ ಡಾಕ್ಟರನ್ನ ಕೇಳಾಕ ಹೇಳ್ರಿ. ಹೋಂವರ್ಕ್ ಸ್ವಲ್ಪ ಕಡಿಮಿ ಮಾಡ್ರಿ. ಎಲ್ಲಿ ಹೋಗಿದ್ದ ಅಂತ ಕ್ಲಾಸಿನ್ಯಾಗ ಯಾರರೆ ಕೇಳಿದ್ರ "ಆರಾಮಿರ್ಲಿಲ್ಲ, ಈಗ ಬಂದಾನ" ಅಷ್ಟ ಹೇಳಿ ಪಾಠ ಶುರು ಮಾಡ್ರಿ.