ಅವರಿಗೆ ಗೊತ್ತಾಗದ ಹಾಗೆ ಕುಡಿತ ಬಿಡಿಸೋಕೆ ಆಗುತ್ತಾ?

ಪ್ರಶ್ನೆ: ನಮ್ಮ ಯಜಮಾನರು ದಿನಾ ಎರಡು ಕ್ವಾರ್ಟರ್ ಕುಡೀತಾರೆ. ಆಸ್ಪತ್ರೆಗೆ ಅಂದ್ರೆ ಬರಲ್ಲ. ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ ಕೊಡೋ ಮಾತ್ರೆ ಮೈಸೂರಲ್ಲೋ ಮಂಡ್ಯದಲ್ಲೋ ಎಲ್ಲಿ ಸಿಗುತ್ತೆ?

ಉತ್ತರ: ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಕ್ವಾರ್ಟರ್ ಲೆಕ್ಕವೊಂದು ಬೇರೆ ಇರುತ್ತದೆ. ಹಾಗಾಗಿ ಹೋಗಬೇಕಾದ ಜಾಗ ಮೊದಲು ಹೇಳಿಬಿಡುತ್ತೇನೆ, ಮಾತ್ರೆಯ ವಿಷಯ ಆಮೇಲೆ.

ಮೈಸೂರಿನವರು ದೊಡ್ಡಾಸ್ಪತ್ರೆಯ, ಅಂದರೆ ಕೆ.ಆರ್. ಆಸ್ಪತ್ರೆಯ, ಮನೋವೈದ್ಯಕೀಯ ವಿಭಾಗಕ್ಕೆ ಬೆಳಿಗ್ಗೆಯೇ ಹೋಗಿ ಚೀಟಿ ಮಾಡಿಸಿ. ಜೆಎಸ್‌ಎಸ್ ಆಸ್ಪತ್ರೆಯಲ್ಲೂ ಈ ವಿಭಾಗ ಇದೆ. ಮಂಡ್ಯದವರಿಗೆ ಮಿಮ್ಸ್, ಅಂದರೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ; ಬಸ್ಸು ಹತ್ತುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ತೀರಾ ಜಟಿಲವಾದರೆ ಅಲ್ಲಿಂದಲೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ಮನೆಯಿಂದಲೇ ಮಾತಾಡಬೇಕೆಂದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಯಜಮಾನರು ಬರದಿದ್ದರೆ ಮೊದಲ ಸಲ ನೀವೊಬ್ಬರೇ ಹೋಗಿ. ಮನೆಯಲ್ಲಿ ಯಾವ ಹೊತ್ತಿನಲ್ಲಿ, ಹೇಗೆ ಮಾತು ತೆಗೆಯಬೇಕು ಅಂತ ಹೇಳಿಕೊಡುವುದೂ ಆಪ್ತಸಮಾಲೋಚಕರ ಕೆಲಸವೇ.

ಈಗ ಆ ಮಾತ್ರೆ. ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ, ಆಟೋ ಹಿಂದೆ, ಮೊಬೈಲಿನಲ್ಲಿ ‘ತಿಳಿಯದಂತೆ ಕುಡಿತ ಬಿಡಿಸಿ’ ಅಂತ ಬರುವ ಪುಡಿಯಲ್ಲಿ ಏನಿದೆ ಎಂದು ಮಾರುವವನೂ ಹೇಳುವುದಿಲ್ಲ. ಏನೂ ಇಲ್ಲದಿದ್ದರೆ ದುಡ್ಡು ಹೋಯಿತು, ಚಿಕಿತ್ಸೆಗೆ ಸಿಗಬೇಕಿದ್ದ ತಿಂಗಳುಗಳೂ ಹೋದವು. ಕುಡಿತ ಬಿಡಿಸಲು ಡಾಕ್ಟರು ಬರೆಯುವ ಡೈಸಲ್ಫಿರಾಮ್ ಎಂಬ ಮಾತ್ರೆ ಅದರಲ್ಲಿದ್ದರೆ ಕಥೆ ಇನ್ನೂ ಕೆಟ್ಟದ್ದು. ಕುಡಿದ ಮದ್ಯವನ್ನು ಲಿವರ್ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಒಡೆಯುತ್ತದೆ, ಆಮೇಲೆ ಆ ವಿಷವನ್ನೂ ಕರಗಿಸುತ್ತದೆ. ಈ ಮಾತ್ರೆ ಎರಡನೇ ಕೆಲಸಕ್ಕೆ ಅಡ್ಡ ಹಾಕುತ್ತದೆ. ಮಾತ್ರೆ ಒಳಗಿರುವಾಗ ಕುಡಿದರೆ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ಎದೆ ಡವಡವ ಎಂದು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದವರಿಗೆ ಪ್ರಾಣಕ್ಕೇ ಬರಬಹುದು.

ತಿಳಿದು ನುಂಗಿದವನಿಗೆ ‘ಕುಡಿದರೆ ಹೀಗಾಗುತ್ತದೆ’ ಎಂಬ ಭಯವೇ ಕಾವಲು. ತಿಳಿಯದವನು ಏನು ಮಾಡುತ್ತಾನೆ? ಮಾಲು ಸರಿ ಇಲ್ಲ ಅಂದುಕೊಂಡು ಬ್ರಾಂಡ್ ಬದಲಿಸಿ ಮತ್ತೆ ಹಾಕುತ್ತಾನೆ. ಕ್ಯಾಶುವಾಲಿಟಿಯ ಡಾಕ್ಟರಿಗೂ ಮಾತ್ರೆ ಹಾಕಿದ್ದು ಗೊತ್ತಿರುವುದಿಲ್ಲ. ಕೊನೆಯ ಮಾತ್ರೆ ಕೊಟ್ಟ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಉಳಿಯಬಹುದು. ಇದೇ ಮಾತ್ರೆಯನ್ನು ಮನೋವೈದ್ಯರೂ ಬರೆಯುತ್ತಾರೆ, ಆದರೆ ಲಿವರ್, ಹೃದಯ ಪರೀಕ್ಷಿಸಿ, ಕೊನೆಯ ಗುಟುಕಿಗೆ ಕನಿಷ್ಠ 12 ಗಂಟೆ ಕಳೆದ ಮೇಲೆ, ರೋಗಿಯ ಒಪ್ಪಿಗೆ ಪಡೆದು. ಮದ್ಯಸಾರ ಇರುವ ಕೆಮ್ಮಿನ ಸಿರಪ್ ಕೂಡ ಕುಡಿಯಬಾರದು ಎಂದು ಬಿಡಿಸಿ ಹೇಳುತ್ತಾರೆ. ಕದ್ದು ಹಾಕಿದ್ದು ಒಂದು ದಿನ ಗೊತ್ತಾಗಿಯೇ ಆಗುತ್ತದೆ. ಆಮೇಲೆ ಆತ ನೀವು ಬಡಿಸಿದ ಮುದ್ದೆಯನ್ನೂ ನಂಬುವುದಿಲ್ಲ, ಡಾಕ್ಟರು ಕೊಟ್ಟ ಮಾತ್ರೆಯನ್ನೂ ನಂಬುವುದಿಲ್ಲ.

ಇಷ್ಟಾದರೂ ‘ಹೆಂಗೋ ಕುಡಿಯೋದು ನಿಂತರೆ ಸಾಕು’ ಅನ್ನುತ್ತೀರಿ. ಒಮ್ಮೆಲೇ ನಿಲ್ಲುವುದೇ ದೊಡ್ಡ ಅಪಾಯ. ಎರಡು ಕ್ವಾರ್ಟರ್ ಅಂದರೆ ಸುಮಾರು 120 ಗ್ರಾಂ ಶುದ್ಧ ಮದ್ಯಸಾರ. ವರ್ಷಗಟ್ಟಲೆ ಅಷ್ಟಕ್ಕೆ ಒಗ್ಗಿದ ಮಿದುಳು, ಅದು ಸಿಗದ ದಿನ ಕೆರಳುತ್ತದೆ. ಬೆಳಿಗ್ಗೆ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದರೂ ತುಳುಕುತ್ತಿದ್ದರೆ ಅದು ಮೊದಲ ಸೂಚನೆ. ನಿಲ್ಲಿಸಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು, ಇಲ್ಲದ ದಾರವನ್ನು ಹೊದಿಕೆಯಿಂದ ಎಳೆಯುವುದು, ಹೆಂಡತಿಯ ಗುರುತೇ ಸಿಗದಿರುವುದು ಶುರುವಾಗಬಹುದು. ಅಯ್ಯಪ್ಪನ ಮಾಲೆ ಹಾಕಿ ದಿಢೀರ್ ಬಿಟ್ಟವರಿಗೂ, ಕಾಲು ಮುರಿದು ವಾರ್ಡಿನಲ್ಲಿ ಮಲಗಿದವರಿಗೂ ಹೀಗಾಗುವುದುಂಟು. ದೆವ್ವ ಮೆಟ್ಟಿದೆ ಎಂದು ತಾಯತ ಕಟ್ಟಿಸಲು ಓಡಬೇಡಿ, 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ ಇದನ್ನು ನಿಭಾಯಿಸುವ ಕ್ರಮ ಗಟ್ಟಿಯಾಗಿದೆ. ಕೆರಳಿದ ಮಿದುಳನ್ನು ತಣಿಸುವ ಕ್ಲೋರ್‌ಡಯಾಜೆಪಾಕ್ಸೈಡ್, ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್ ಮಾತ್ರೆ ಕೊಟ್ಟು, 5ರಿಂದ 10 ದಿನದಲ್ಲಿ ಅದರ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಜೊತೆಗೆ ಥಯಮಿನ್, ಅಂದರೆ ಬಿ1 ಇಂಜೆಕ್ಷನ್. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ‘ಒಂದು ಗ್ಲೂಕೋಸ್ ಹಾಕಿಸಿಬಿಡೋಣ’ ಅನ್ನುವವರು ಇದನ್ನು ಓದಬೇಕು: ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ನಡುಕ ನಿಂತ ಮೇಲೆ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಅಥವಾ ಅಕಾಂಪ್ರೊಸೇಟ್, ಜೊತೆಗೆ ಆಪ್ತಸಮಾಲೋಚನೆ, ತಿಂಗಳುಗಟ್ಟಲೆ. ನಡುಕ ನಿಂತ ದಿನವೇ ‘ಸರಿಹೋಯ್ತು’ ಎಂದು ಊರಿಗೆ ಹೊರಟು ಮತ್ತೆ ಮುಖ ತೋರಿಸದಿರುವುದರಿಂದಲೇ ಬಹಳ ಮಂದಿ ಹಳೇ ಜಾಗಕ್ಕೆ ಬಂದು ನಿಲ್ಲುತ್ತಾರೆ.

ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಫಿಟ್ಸ್ ಬಂದಿತ್ತೇ, ಶುಗರ್ ಬಿಪಿಗೆ ಯಾವ ಮಾತ್ರೆ. ಆಧಾರ್, ರೇಷನ್ ಕಾರ್ಡ್ ಇರಲಿ. ಹಿಂದಿನ ದಿನ ಬಲವಂತವಾಗಿ ಕುಡಿತ ನಿಲ್ಲಿಸಿ ಕರೆತರಬೇಡಿ.

ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ, ಮಾನಸಿಕ ಆರೋಗ್ಯ ಕಾಯ್ದೆ 2017ರಡಿ ನೋಂದಣಿ ಆಗಿದೆಯೇ, ಮನೋವೈದ್ಯರು ಇದ್ದಾರೆಯೇ, ಮನೆಯವರು ಭೇಟಿ ಮಾಡಬಹುದೇ ಎಂದು ಕೇಳಿ. ‘ರಾತ್ರಿ ವ್ಯಾನ್ ಕಳಿಸಿ ಎತ್ತಿಕೊಂಡು ಹೋಗ್ತೀವಿ’ ಅಂದರೆ ಆ ಕಡೆ ತಲೆ ಹಾಕಬೇಡಿ. ಸ್ವತಃ ನಿರ್ಧರಿಸುವ ಸ್ಥಿತಿಯಲ್ಲಿಲ್ಲದವರನ್ನು ದಾಖಲಿಸಬೇಕಾದರೂ ಒಬ್ಬ ಮನೋವೈದ್ಯರು, ಇನ್ನೊಬ್ಬ ವೈದ್ಯರು ಅಥವಾ ಪರಿಣತರು ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು, ಅದೂ ಮೊದಲಿಗೆ 30 ದಿನದ ಮಿತಿಯಲ್ಲಿ. ಸರಪಳಿ ಹಾಕುವುದನ್ನು ಕಾಯ್ದೆ ನಿಷೇಧಿಸಿದೆ.

ಯಾರೂ ಕೇಳದ ಒಂದು ವಿಷಯ ಉಳಿದಿದೆ. ಕುಡಿತ ಬಿಟ್ಟವರು ಬೀಡಿ, ಜಗಿಯುವ ತಂಬಾಕು ಎರಡರಷ್ಟು ಮಾಡಿಕೊಳ್ಳುವುದುಂಟು, ‘ಅದೊಂದಾದರೂ ಇರಲಿ ಬಿಡಿ’ ಎಂದು ಮನೆಯವರೂ ಸುಮ್ಮನಾಗುತ್ತಾರೆ. ಎರಡನ್ನೂ ಒಟ್ಟಿಗೇ ಬಿಡಿಸಬಹುದು, ಅದೇ ವಿಭಾಗದಲ್ಲಿ ಕೇಳಿ. ತಂಬಾಕಿಗೆಂದೇ 1800-112-356 ಉಚಿತ ಸಹಾಯವಾಣಿಯೂ ಇದೆ. ನಿಕೋಟಿನ್ ಗಮ್ ಕೊಟ್ಟರೆ ಅದನ್ನು ಚೂಯಿಂಗ್ ಗಮ್ ಥರ ಒಂದೇ ಸಮ ಅಗಿದು ಉಗುಳು ನುಂಗಬೇಡಿ, ಬಿಕ್ಕಳಿಕೆ, ಎದೆಯುರಿ ಬಂದು ಎರಡನೇ ದಿನಕ್ಕೇ ಬಿಸಾಡುತ್ತೀರಿ. ಖಾರ ಬರುವವರೆಗೆ ನಿಧಾನವಾಗಿ ಅಗಿದು, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಂಡು, ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು, ಹೀಗೆ ಅರ್ಧ ಗಂಟೆ. ಅದಕ್ಕೆ ಮುಂಚೆ ಹದಿನೈದು ನಿಮಿಷ, ಬಾಯಲ್ಲಿ ಇರುವಷ್ಟು ಹೊತ್ತೂ ಕಾಫಿ ಬೇಡ. ಕಾಫಿ ಕುಡಿದ ಬಾಯಲ್ಲಿ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ.