ಲಾಗಿನ್ ಆದವರನ್ನೂ ಹಳೇ ಪಾಸ್‌ವರ್ಡ್ ಕೇಳುವುದು ಯಾಕೆ?

ಸರಸ್ವತಿಪುರಂ ರೂಮಿನಲ್ಲಿ ನಾವು ಮೂವರು ಕೂತು, ವೆಬ್‌ಸೈಟ್ ಬರೆಯುವ ಭಾಷೆ ಪಿಎಚ್‌ಪಿ ಕಲಿಯುತ್ತಿದ್ದೇವೆ. ಪಾಸ್‌ವರ್ಡ್ ಬದಲಿಸುವ ಫಾರ್ಮ್ ಬರೆಯುವಾಗ ಮಂಡ್ಯದ ಗೆಳೆಯ ತಗಾದೆ ತೆಗೆದ: "ಒಳಗೆ ಬಂದವ್ನನ್ನೇ ಮತ್ತೆ ಹಳೇ ಪಾಸ್‌ವರ್ಡ್ ಯಾಕ್ಲಾ ಕೇಳ್ಬೇಕು?"

ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ತುಂಬಿ, ಲಾಗೌಟ್ ಮಾಡದೆ ಎದ್ದು ಹೋದೆವು ಅಂದುಕೊಳ್ಳಿ. ಈ ಬ್ರೌಸರ್‌ನಿಂದ ಯಾರೋ ಲಾಗಿನ್ ಆಗಿದ್ದರು ಅನ್ನುವುದಷ್ಟೇ ಸೆಷನ್‌ಗೆ, ಅಂದರೆ ಲಾಗಿನ್ ಆದದ್ದನ್ನು ಸೈಟು ನೆನಪಿಟ್ಟುಕೊಳ್ಳುವ ಗುರುತಿಗೆ, ಗೊತ್ತು. ಈಗ ಕುರ್ಚಿಯಲ್ಲಿ ಕೂತವರು ಯಾರೋ, ಅದಕ್ಕೆ ಕಾಣದು. ಹಳೆಯದನ್ನು ಕೇಳದಿದ್ದರೆ ಮುಂದೆ ಬಂದವರು ಹೊಸದು ಹಾಕಿ ಖಾತೆಯನ್ನೇ ಹೊಡೆದುಕೊಳ್ಳಬಹುದು.

ಇನ್ನು ತಾಳೆ ನೋಡುವ ಬಗೆ. ನಾನು ಎಡವಿದ್ದು ಇಲ್ಲೇ. ಟೈಪ್ ಮಾಡಿದ್ದನ್ನು ಪಾಸ್‌ವರ್ಡ್_ಹ್ಯಾಶ್ ಫಂಕ್ಷನ್‌ಗೆ (ಪಾಸ್‌ವರ್ಡನ್ನು ಗುರುತು ಸಿಗದ ಅಕ್ಷರಗಳ ಸಾಲು, ಅಂದರೆ ಹ್ಯಾಶ್, ಮಾಡುವಂಥದ್ದು) ಕೊಟ್ಟು, ಬಂದದ್ದನ್ನು ಡೇಟಾಬೇಸ್‌ನಲ್ಲಿದ್ದ ಹ್ಯಾಶ್ ಜೊತೆ ಹೋಲಿಸಿದೆ. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಪ್ಪು ಅನ್ನುತ್ತಿತ್ತು. ಅರ್ಧ ದಿನ ಹೋಯಿತು. ಅದು ಬಳಸುವ ಬಿಕ್ರಿಪ್ಟ್ ಅನ್ನುವ ವಿಧಾನ ಪ್ರತಿ ಸಲವೂ ಹೊಸ ಸಾಲ್ಟ್, ಅಂದರೆ ಉಪ್ಪಿನ ಹಾಗೆ ಒಂದಷ್ಟು ಅಡ್ಡಾದಿಡ್ಡಿ ಅಕ್ಷರ, ಬೆರೆಸುತ್ತದೆ. ಅದೇ ಪದ ಕೊಟ್ಟರೂ ಹ್ಯಾಶ್ ಬೇರೆಯೇ. ಪಿಎಚ್‌ಪಿ ಕೊಡುವ 60 ಅಕ್ಷರದ ಸಾಲನ್ನು ಬಿಡಿಸಿ ನೋಡಿ: ಮೊದಲ 7ರಲ್ಲಿ ವಿಧಾನ ಮತ್ತು ಕಾಸ್ಟ್ (ಲೆಕ್ಕ ಎಷ್ಟು ಭಾರವಿರಬೇಕು ಅನ್ನುವ ಅಂಕಿ), ಮುಂದಿನ 22 ಸಾಲ್ಟ್, ಉಳಿದ 31 ಹ್ಯಾಶ್. ತಾಳೆ ನೋಡಲೆಂದೇ ಇರುವ ಪಾಸ್‌ವರ್ಡ್_ವೆರಿಫೈ ಫಂಕ್ಷನ್ ಆ ಹಳೇ ಸಾಲ್ಟನ್ನೇ ಹೆಕ್ಕಿ, ಟೈಪ್ ಮಾಡಿದ್ದಕ್ಕೆ ಬೆರೆಸಿ, ಆಮೇಲೆ ಹೋಲಿಸುತ್ತದೆ. 2013ರಲ್ಲಿ ಬಂದ ಪಿಎಚ್‌ಪಿ 5.5ರಿಂದಲೇ ಇದು ಇದೆ; ಕೈಯಾರೆ ಬರೆಯುವ ಉಸಾಬರಿ ಬೇಡ. ಪಿಎಚ್‌ಪಿಯ ಸಿದ್ಧ ಚೌಕಟ್ಟು ಲಾರವೆಲ್‌ನಲ್ಲಂತೂ ಫಾರ್ಮ್ ತಪಾಸಣೆಗೆ 'ಕರೆಂಟ್_ಪಾಸ್‌ವರ್ಡ್' ಅನ್ನುವ ರೂಲ್ ಸಾಕು.

ಟ್ರಿಮ್ ಮಾಡಬೇಡಿ, ಅಂದರೆ ಟೈಪ್ ಮಾಡಿದ್ದರ ಹಿಂದೆ ಮುಂದಿನ ಸ್ಪೇಸ್ ಕತ್ತರಿಸಬೇಡಿ. ಪಾಸ್‌ವರ್ಡಿನ ಕೊನೆಯಲ್ಲಿ ಬೇಕೆಂದೇ ಸ್ಪೇಸ್ ಇಟ್ಟವರು ಸಿಕ್ಕಿಬೀಳುತ್ತಾರೆ. ತಪ್ಪಾದಾಗ ಸಂದೇಶ ಹಳೇ ಪಾಸ್‌ವರ್ಡಿನ ಚೌಕದ ಕೆಳಗೇ ಬರಲಿ, ಮೇಲೆಲ್ಲೋ ಕೆಂಪು ಪಟ್ಟಿಯಲ್ಲಲ್ಲ. ಎಷ್ಟು ಸಲ ತಪ್ಪಬಹುದು ಅನ್ನುವುದಕ್ಕೂ ಮಿತಿ ಬೇಕು. ಲಾಗಿನ್ ಪುಟಕ್ಕೆ ಬೀಗ ಜಡಿದು ಇಲ್ಲಿ ಊಹಿಸುತ್ತಾ ಕೂರಲು ಬಿಟ್ಟರೆ ಏನು ಬಂತು?

ಬದಲಾವಣೆ ಉಳಿಸಿದ ಕೂಡಲೇ ಬೇರೆ ಕಡೆಯ ಸೆಷನ್‌ಗಳನ್ನೆಲ್ಲ ರದ್ದು ಮಾಡಿ. ಇಲ್ಲವಾದರೆ ಮನೆಗೆ ಬಂದು ಗಾಬರಿಯಲ್ಲಿ ಪಾಸ್‌ವರ್ಡ್ ಬದಲಿಸಿದರೂ, ಆ ಜೆರಾಕ್ಸ್ ಅಂಗಡಿಯಲ್ಲಿ ನಮ್ಮ ಖಾತೆ ತೆರೆದೇ ಇರುತ್ತದೆ.