ಊರಿನಷ್ಟೇ ಅಗಲದ ರೇಡಿಯೊ

ಹಳೇ ಬುರುಡೆ ಬಲ್ಬು ನೆನಪಿದೆಯಾ? ಅಡುಗೆಮನೆಯಲ್ಲಿ ಉರಿಯುತ್ತಿದ್ದ 60 ವ್ಯಾಟಿನದು. ಅದರ ಅರ್ಧ ಶಕ್ತಿಯಲ್ಲಿ ಮೈಸೂರಿನಲ್ಲೊಂದು ರೇಡಿಯೊ ಕೇಂದ್ರ ಹುಟ್ಟಿತು. 1935ರ ಮಾತು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಕೇಂದ್ರದ ಹೆಸರು ‘ಆಕಾಶವಾಣಿ’. ಮುಂದೆ ದೇಶದ ರೇಡಿಯೊಗೇ ಆ ಹೆಸರು ಬಂತು. ಒಂದು ಊರಿನ ಸುತ್ತಮುತ್ತಲ ಜನರಿಗಾಗಿ, ಅವರನ್ನೇ ಸೇರಿಸಿಕೊಂಡು ನಡೆಸುವ ಪುಟ್ಟ ಕೇಂದ್ರಗಳು, ಅಂದರೆ ಇಂದಿನ ಸಮುದಾಯ ರೇಡಿಯೊಗಳ ಅಜ್ಜ ಇದೇ ಅಂತ ನನಗನ್ನಿಸುತ್ತದೆ.

ಮೊಮ್ಮಕ್ಕಳು ಹುಟ್ಟೋದು ತಡವಾಯಿತು. ರೇಡಿಯೊ ತರಂಗಗಳು ಜನರ ಸ್ವತ್ತು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಇಂಥ ರೇಡಿಯೊ ನಡೆಸಲು ಸಂಘಸಂಸ್ಥೆಗಳಿಗೆ ಪರವಾನಗಿ ಸಿಗುವ ಹಾಗಾಗಿದ್ದು 2006ರಲ್ಲಿ. ಆಮೇಲೆ ನಮ್ಮ ಮೈಸೂರು ಜಿಲ್ಲೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಅನ್ನುವ ಸಂಸ್ಥೆಯವರ ‘ಜನಧ್ವನಿ’ 90.8 ಎಫ್‌ಎಂ ಬಂತು.

ಈ 90.8 ಅಂದರೆ ಏನು? ಸೆಕೆಂಡಿಗೆ 9 ಕೋಟಿ 8 ಲಕ್ಷ ಸಲ ಏರಿಳಿಯುವ ಅಲೆ. ಒಂದು ಅಲೆಯ ಉದ್ದ ಸುಮಾರು 3.3 ಮೀಟರ್. ಅದನ್ನು ಚೆನ್ನಾಗಿ ಹಿಡಿಯಲು ಅದರ ಕಾಲು ಭಾಗದಷ್ಟು, ಅಂದರೆ 80 ಸೆಂಟಿಮೀಟರ್ ಚಿಲ್ಲರೆ ತಂತಿ ಸಾಕು. ಇಯರ್‌ಫೋನ್ ಸಿಕ್ಕಿಸದೆ ಮೊಬೈಲಿನಲ್ಲಿ ಎಫ್‌ಎಂ ಹಾಕಿ ನೋಡಿ, ಸಾಮಾನ್ಯವಾಗಿ ಬರೀ ಗೊರಗೊರ. ಸಿಕ್ಕಿಸಿ, ಮಾತು ಬಂತು! ಆ ವೈರೇ ಆಂಟೆನಾ.

ಈ ಅಲೆ ಹೆಚ್ಚುಕಮ್ಮಿ ನೇರವಾಗಿ ಹೋಗುತ್ತದೆ. ಭೂಮಿ ಬಾಗಿದ ಕಡೆ ಕೈಬಿಡುತ್ತದೆ, ಗುಡ್ಡದ ಹಿಂದೆ ಮಂಕಾಗುತ್ತದೆ. ಸಮುದಾಯ ರೇಡಿಯೊಗೆ ಸಾಮಾನ್ಯವಾಗಿ 100 ವ್ಯಾಟು, 30 ಮೀಟರ್ ಎತ್ತರದ ಆಂಟೆನಾ, ಇಷ್ಟೇ ಮಿತಿ. ಹಾಗಾಗಿ ದನಿ ಮುಟ್ಟುವುದು ಹತ್ತು ಹದಿನೈದು ಕಿಲೋಮೀಟರ್. ಕಮ್ಮಿಯಾಯ್ತು ಅನಿಸುತ್ತೆ ಅಲ್ವಾ? ಆದರೆ ದೂರ ಹೋಗದೇ ಇರುವುದರಿಂದಲೇ ಅದೇ 90.8 ಅನ್ನು ದೂರದ ಇನ್ನೊಂದು ಊರಿಗೂ ಕೊಡಬಹುದು. ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರುವುದಿಲ್ಲ.

ಕೇಳುವವರೆಲ್ಲ ಅದೇ ಸಂತೆಗೆ ಹೋಗುವವರು, ಅದೇ ನಾಲೆಯ ನೀರು ಕಾಯುವವರು. ಕಾಡಂಚಿನ ಜೇನುಕುರುಬರ ಹಾಡಿಯ ಅಜ್ಜಿಯೊಬ್ಬರು ತಮ್ಮ ಮಾತಿನಲ್ಲೇ ಗೆಡ್ಡೆ ಗೆಣಸಿನ ಬಗ್ಗೆ ಹೇಳಿದರೆ ಯಾರೂ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅರ್ಧದಷ್ಟಾದರೂ ಕಾರ್ಯಕ್ರಮ ಅಲ್ಲಿಯವರೇ ಮಾಡಿರಬೇಕು ಅನ್ನುವ ನಿಯಮವೂ ಇದೆ. ಒಳ್ಳೇ ನಿಯಮ.

ಒಂದು ನಿಯಮ ಮಾತ್ರ ನನಗೆ ಒಪ್ಪಿಗೆಯಿಲ್ಲ. ಕರೆಂಟು, ನೀರು, ಮಳೆ, ಪರೀಕ್ಷೆಯ ಮಾಹಿತಿ ಹೇಳಬಹುದು. ಸ್ವಂತ ಸುದ್ದಿ ಓದುವಂತಿಲ್ಲ, ಸುದ್ದಿ ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನೇ ಹಾಕಬೇಕು. ಪಕ್ಕದ ಪಂಚಾಯ್ತಿ ಸಭೆಯಲ್ಲಿ ಏನು ತೀರ್ಮಾನವಾಯಿತು ಅನ್ನುವುದನ್ನು ಆ ಊರಿನ ರೇಡಿಯೊವೇ ಹೇಳುವ ಹಾಗಾಗಬೇಕು.